ಟೋಕನ್ ವಾಪಸ್ ಕೊಟ್ಟಿರಾ?



ಈ ವಾರ ನನ್ನದೇ ಒಂದು ತಪ್ಪಿನಿಂದ ಶುರುಮಾಡುತ್ತೇನೆ. ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತೇಳು ವರ್ಷ ಕೂತವನು ನಾನು. ಕಂಡವರಿಗೆಲ್ಲ 'ಓಟಿಪಿ ಯಾರಿಗೂ ಹೇಳಬೇಡಿ' ಎಂದು ಬುದ್ಧಿ ಹೇಳುವವನು. ಅಂಥವನು ಹೀಗೆ ಮಾಡಿದೆನಲ್ಲ ಎಂದು ಎರಡು ದಿನ ಮನೆಯವರ ಮುಂದೆ ತಲೆ ಎತ್ತಲಿಲ್ಲ.

ಕಳೆದ ಮಳೆಗಾಲದ ಮಾತು. ನಮ್ಮ ಮೂರ್ನಾಡಿನಲ್ಲಿ ಮಳೆ ಹಿಡಿಯಿತೆಂದರೆ ಮೊದಲು ಹೋಗುವುದು ಕರೆಂಟು, ಆಮೇಲೆ ನೆಟ್‌ವರ್ಕು, ಕೊನೆಗೆ ನಮ್ಮ ತಾಳ್ಮೆ. ಮನೆಯ ನೆಟ್ ಸತ್ತು ಮೂರು ದಿನವಾಗಿತ್ತು. ಆಗಲೇ ನನ್ನ ಪಿಂಚಣಿ ಖಾತೆಯ ಸ್ಟೇಟ್‌ಮೆಂಟ್ ತುರ್ತಾಗಿ ಬೇಕಾಯಿತು. ಕೊಡೆ ಹಿಡಿದು ಪೇಟೆಗೆ ಹೋದೆ. ಜೆರಾಕ್ಸು, ಪ್ರಿಂಟು, ಅರ್ಜಿ ತುಂಬುವುದು ಎಲ್ಲವನ್ನೂ ಮಾಡಿಕೊಡುವ ಒಂದು ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತೆ. ಒಂದು ಕಿಟಕಿಯಲ್ಲಿ ನೆಟ್ ಬ್ಯಾಂಕಿಂಗ್, ಇನ್ನೊಂದರಲ್ಲಿ ನನ್ನ ಇ-ಮೇಲ್. ಪ್ರಿಂಟು ಕೈಗೆ ಬಂತು, ದುಡ್ಡು ಕೊಟ್ಟೆ. ಅಷ್ಟರಲ್ಲಿ ಕರೆಂಟು ಹೋಯಿತು. ಕಂಪ್ಯೂಟರ್ ಕಪ್ಪಾಯಿತು. 'ಸರಿ, ಎಲ್ಲ ಆಫ್ ಆಯಿತಲ್ಲ' ಎಂದುಕೊಂಡು ಮನೆಗೆ ಬಂದುಬಿಟ್ಟೆ.

ಎರಡು ದಿನ ಕಳೆದು ನೆಟ್ ಬಂತು. ಎಂಟನೇ ಕ್ಲಾಸಿನ ಮೊಮ್ಮಗಳು ನನ್ನ ಫೋನಿನಲ್ಲಿ ಏನೋ ಸರಿಮಾಡುತ್ತಿದ್ದವಳು ತಲೆ ಎತ್ತಿ ಕೇಳಿದಳು:

"ತಾತ, ನೀವು ಈಗ ಪೇಟೆಯಲ್ಲಿ ಇದ್ದೀರಾ?"

"ನಿನ್ನ ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದೇನಲ್ಲ ಮಗಳೇ!"

"ನೀವು ಇಲ್ಲಿದ್ದೀರಿ. ಆದರೆ ನಿಮ್ಮ ಮೇಲ್ ಪೇಟೆಯಲ್ಲೂ ತೆರೆದುಕೊಂಡಿದೆ."

ತೋರಿಸಿದಳು. ಮೇಲ್ ಖಾತೆಯ 'ಸೆಕ್ಯುರಿಟಿ' ಪುಟದಲ್ಲಿ 'ನಿಮ್ಮ ಸಾಧನಗಳು' ಎಂಬ ಪಟ್ಟಿ. ಮೊದಲಿಗೆ ನನ್ನ ಫೋನು. ಅದರ ಕೆಳಗೆ ಒಂದು ವಿಂಡೋಸ್ ಕಂಪ್ಯೂಟರ್. ನಮ್ಮ ಮನೆಯಲ್ಲಿ ಕಂಪ್ಯೂಟರೇ ಇಲ್ಲ!

ಆ ಮೇಲ್ ಪೆಟ್ಟಿಗೆಯಲ್ಲಿ ಏನೆಲ್ಲ ಇತ್ತು ಎಂದು ಲೆಕ್ಕ ಹಾಕಿದಾಗ ಕೈಯ ಕಾಫಿ ತಣ್ಣಗಾಯಿತು. ಪಿಂಚಣಿಯ ಪತ್ರಗಳು, ಪ್ಯಾನ್ ಕಾರ್ಡಿನ ನಕಲು, ತೋಟದ ಪಹಣಿ, ಮಗನ ಪಾಸ್‌ಪೋರ್ಟಿನ ಪುಟ, ಮೊಮ್ಮಗಳ ಜನನ ಪ್ರಮಾಣಪತ್ರ. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದು. ಯಾವುದೇ ಜಾಲತಾಣದಲ್ಲಿ 'ಪಾಸ್‌ವರ್ಡ್ ಮರೆತಿದೆ' ಎಂದು ಒತ್ತಿದರೆ, ಹೊಸದು ಮಾಡಿಕೊಳ್ಳುವ ದಾರಿ ಸಾಮಾನ್ಯವಾಗಿ ಬರುವುದು ಈ ಪೆಟ್ಟಿಗೆಗೇ. ಮನೆಯ ಎಲ್ಲ ಬೀಗದ ಕೈಗಳನ್ನು ಒಂದೇ ಮೊಳೆಗೆ ನೇತುಹಾಕಿ, ಬಾಗಿಲು ತೆರೆದಿಟ್ಟು ಬಂದಿದ್ದೆ.

ಮೊಮ್ಮಗಳು ಆ ಕಂಪ್ಯೂಟರಿನ ಹೆಸರಿನ ಮೇಲೆ ಒತ್ತಿ 'ಸೈನ್ ಔಟ್' ಮಾಡಿದಳು. ಪಾಸ್‌ವರ್ಡ್ ಬದಲಿಸಿದೆವು. ಪುಣ್ಯಕ್ಕೆ ಯಾರೂ ಏನೂ ಮುಟ್ಟಿದಂತೆ ಕಾಣಲಿಲ್ಲ. ನನ್ನ ಪ್ರಶ್ನೆ ಮಾತ್ರ ಹಾಗೇ ಉಳಿಯಿತು: ಕರೆಂಟು ಹೋಗಿ ಕಂಪ್ಯೂಟರೇ ಸತ್ತಮೇಲೆ ನಾನು ಒಳಗೆ ಉಳಿದದ್ದು ಹೇಗೆ?

"ಕುಕ್ಕಿ ತಾತ, ಕುಕ್ಕಿ," ಎಂದಳು. ಅವಳು ವಿವರಿಸುತ್ತಾ ಹೋದ ಹಾಗೆ ನನಗೆ ನೆನಪಾದದ್ದು ಬಿಸ್ಕತ್ತು ಅಲ್ಲ, ನಮ್ಮ ಬ್ಯಾಂಕಿನ ಹಿತ್ತಾಳೆ ಟೋಕನ್.

ನಲವತ್ತೇಳನೇ ನಂಬರು

ಮಕ್ಕಳೇ, ಎಟಿಎಂ ಬರುವ ಮೊದಲು ಬ್ಯಾಂಕಿನಿಂದ ಹಣ ತೆಗೆಯುವುದು ಹೇಗಿತ್ತು ಎಂದು ನಿಮ್ಮ ಅಜ್ಜನನ್ನು ಕೇಳಿ. ಚೆಕ್ಕನ್ನು ಕೌಂಟರಿನಲ್ಲಿ ಕೊಡಬೇಕು. ಗುಮಾಸ್ತ ಅದನ್ನು ತೆಗೆದುಕೊಂಡು ಕೈಗೊಂದು ಹಿತ್ತಾಳೆಯ ಬಿಲ್ಲೆ ಕೊಡುತ್ತಿದ್ದ. ಅದರ ಮೇಲೆ ಬರೀ ಒಂದು ನಂಬರು. ಚೆಕ್ಕು ಒಳಗೆ ಹೋಗಿ, ಲೆಡ್ಜರಿನಲ್ಲಿ ಏರಿ, ಅಧಿಕಾರಿ ಸಹಿ ತಾಳೆ ನೋಡಿ, ಕ್ಯಾಷಿಯರ್ ಹತ್ತಿರ ಬರುವ ತನಕ ನೀವು ಬೆಂಚಿನ ಮೇಲೆ ಕಾಯಬೇಕು. ಕ್ಯಾಷಿಯರ್ ನಂಬರು ಕೂಗಿದಾಗ ಬಿಲ್ಲೆ ಕೊಟ್ಟು ಹಣ ಪಡೆಯಬೇಕು. ಆ ಬಿಲ್ಲೆಯ ಮೇಲೆ ನಿಮ್ಮ ಹೆಸರಿಲ್ಲ, ಖಾತೆ ನಂಬರಿಲ್ಲ, ಮೊತ್ತವೂ ಇಲ್ಲ. ಆ ನಂಬರು ಯಾರದೆಂದು ಬ್ಯಾಂಕಿನ ಪುಸ್ತಕಕ್ಕೆ ಮಾತ್ರ ಗೊತ್ತು.

ನಾನು ಕೆಲಸಕ್ಕೆ ಸೇರಿದ ಹೊಸತು. ಒಂದು ಶನಿವಾರ ಹನ್ನೆರಡು ವರ್ಷದ ಹುಡುಗನೊಬ್ಬ ಅಜ್ಜನ ಚೆಕ್ಕು ಹಿಡಿದು ಬಂದ. ತೋಟದ ಆಳುಗಳ ವಾರದ ಬಟವಾಡೆಯ ಹಣ. ಟೋಕನ್ ಕೊಟ್ಟೆ, ನಲವತ್ತೇಳು. ಹುಡುಗ ಅದನ್ನು ಬೆಂಚಿನ ಮೇಲಿಟ್ಟು, ಕಿಟಕಿಯಿಂದ ಬಸ್ಸು ನೋಡಲು ಹೋದ. ತಿರುಗಿ ಬಂದರೆ ಟೋಕನ್ ಇಲ್ಲ. ಅವನು ಅತ್ತುಕೊಂಡು ನೇರ ನನ್ನ ಹತ್ತಿರ ಓಡಿಬಂದ. ನಾನು ಕ್ಯಾಷಿಯರಿಗೆ ಹೇಳಿದೆ. ಅವರು ಏನೂ ಆಗದವರಂತೆ "ನಲವತ್ತೇಳು!" ಎಂದು ಕೂಗಿದರು. ಯಾರೋ ಒಬ್ಬರು ಬಂದು ಟೋಕನ್ ಚಾಚಿದರು.

"ಎಷ್ಟು ಹಣ?" ಕ್ಯಾಷಿಯರ್ ಕೇಳಿದರು.

ಆ ಮನುಷ್ಯ ತಡವರಿಸಿದ. "ನಮ್ಮವರು ಹೊರಗೆ ಇದ್ದಾರೆ, ಕೇಳಿಕೊಂಡು ಬರುತ್ತೇನೆ," ಎಂದು ಹೋದವನು ಮತ್ತೆ ಬರಲಿಲ್ಲ. ಟೋಕನ್ ಕೌಂಟರಿನ ಮೇಲೇ ಉಳಿಯಿತು.

ಹುಡುಗನಿಗೆ ಕ್ಯಾಷಿಯರ್ ಬೈಯಲಿಲ್ಲ. "ಟೋಕನ್ ಬಿಟ್ಟು ಹೋದದ್ದು ತಪ್ಪು ಮಗಾ. ಆದರೆ ಕೂಡಲೇ ಬಂದು ಹೇಳಿದೆಯಲ್ಲ, ಅದಕ್ಕೇ ನಿನ್ನ ಅಜ್ಜನ ದುಡ್ಡು ಉಳಿಯಿತು," ಎಂದರು. ಆ ಮಾತು ನನಗೆ ಇವತ್ತಿಗೂ ನೆನಪಿದೆ.

ಮರೆಗುಳಿ ಜಾಲತಾಣ

ಈಗ ಕುಕ್ಕಿಗೆ ಬರೋಣ. ಜಾಲತಾಣಗಳಿಗೆ ಹುಟ್ಟಿನಿಂದ ಬಂದ ಒಂದು ಕಾಯಿಲೆ ಇದೆ: ಮರೆವು. ನೀವು ಒಂದು ಪುಟ ಕೇಳುತ್ತೀರಿ, ಕೊಡುತ್ತದೆ. ಮುಂದಿನ ಪುಟ ಕೇಳಿದರೆ 'ನೀವು ಯಾರು?' ಎನ್ನುತ್ತದೆ. ಪ್ರತಿ ಪುಟಕ್ಕೂ ಪಾಸ್‌ವರ್ಡ್ ಹೊಡೆಯುತ್ತಾ ಕೂತರೆ ಬದುಕು ಸಾಗುತ್ತದೆಯೇ? ಇದಕ್ಕೆ 1994ರಲ್ಲಿ ನೆಟ್‌ಸ್ಕೇಪ್ ಎಂಬ ಅಮೆರಿಕದ ಕಂಪನಿಯ ಎಂಜಿನಿಯರ್ ಲೂ ಮಾಂಟುಲ್ಲಿ ಒಂದು ಉಪಾಯ ಹುಡುಕಿದರು. ಜಾಲತಾಣವು ಒಂದು ಸಣ್ಣ ಚೀಟಿ ಬರೆದು ನಿಮ್ಮ ಬ್ರೌಸರಿಗೆ ಕೊಡುವುದು. ಬ್ರೌಸರು ಪ್ರತಿಸಲ ಅದೇ ಜಾಲತಾಣಕ್ಕೆ ಹೋದಾಗ ಆ ಚೀಟಿಯನ್ನು ತೋರಿಸುವುದು. ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ಇಂಥ ಸಣ್ಣ ಚೀಟಿಗೆ ಮೊದಲೇ 'ಮ್ಯಾಜಿಕ್ ಕುಕ್ಕಿ' ಎನ್ನುತ್ತಿದ್ದರು. ಹೆಸರು ಅಲ್ಲಿಂದ ಬಂತು.

ಕುಕ್ಕಿ ವೈರಸ್ ಅಲ್ಲ. ಅದು ತಾನಾಗಿ ನಿಮ್ಮ ಫೋನಿನ ಫೋಟೋ ತೆರೆದು ನೋಡುವುದಿಲ್ಲ. ಅದು ಬರೀ ಒಂದಿಷ್ಟು ಅಕ್ಷರ ಮತ್ತು ಅಂಕಿ, ನಮ್ಮ ನಲವತ್ತೇಳರ ಹಾಗೆ. ನೀವು ಪಾಸ್‌ವರ್ಡ್ ಕೊಟ್ಟು ಒಳಗೆ ಹೋದಾಗ ಜಾಲತಾಣ ಒಂದು ಟೋಕನ್ ಕೊಡುತ್ತದೆ. ಆಮೇಲೆ ಅದು ನೋಡುವುದು ನಿಮ್ಮ ಮುಖವನ್ನಲ್ಲ, ಟೋಕನನ್ನು. ಟೋಕನ್ ಯಾರ ಕೈಯಲ್ಲಿದೆಯೋ ಅವರೇ ನೀವು!

ಟೋಕನಿಗೂ ಆಯಸ್ಸು ಇರುತ್ತದೆ. ಬ್ಯಾಂಕಿನ ಜಾಲತಾಣದ ಟೋಕನ್ ಕೆಲವೇ ನಿಮಿಷ ಬದುಕುತ್ತದೆ. ನೀವು ಕನ್ನಡಕ ಹುಡುಕಿ ತರುವಷ್ಟರಲ್ಲಿ 'ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ' ಎಂದು ಬರುತ್ತದಲ್ಲ, ಸಿಟ್ಟು ಬರುತ್ತದಲ್ಲ, ಅದು ನಿಮ್ಮ ರಕ್ಷಣೆಗೇ. ನನ್ನ ನೆಟ್ ಬ್ಯಾಂಕಿಂಗ್ ಹೀಗೆ ತಾನಾಗಿ ಮುಚ್ಚಿಕೊಂಡಿತ್ತು. ಇ-ಮೇಲಿನ ಟೋಕನ್ ಹಾಗಲ್ಲ. ಅದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಂಪ್ಯೂಟರಿನ ಹೊಟ್ಟೆಯಲ್ಲಿ ಬರೆದಿಟ್ಟಿರುತ್ತದೆ. ಕರೆಂಟು ಹೋದರೂ ಅಳಿಸುವುದಿಲ್ಲ. ಬಾಗಿಲು ಹಾಕಿಕೊಂಡು ಬಂದೆ ಎಂದುಕೊಂಡಿದ್ದೆ. ನಿಜವಾಗಿ ದೀಪ ಮಾತ್ರ ಆರಿತ್ತು.

'ಲಾಗ್ ಔಟ್' ಎಂಬ ಗುಂಡಿ ಇರುವುದೇ ಟೋಕನ್ ವಾಪಸ್ ಕೊಡಲು. ಕಿಟಕಿ ಮುಚ್ಚಿದರೆ ಸಾಲದು, ಕಂಪ್ಯೂಟರ್ ಆರಿಸಿದರೆ ಸಾಲದು. ಬೇರೆಯವರ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಮಾಡದೇ ಇರುವುದೇ ಒಳ್ಳೆಯದು. ಗತಿಯಿಲ್ಲದೆ ಕೂತರೆ 'ಇನ್‌ಕಾಗ್ನಿಟೊ' ಕಿಟಕಿ ತೆರೆಯಿರಿ. ಅಂಥ ಕಿಟಕಿಗಳನ್ನೆಲ್ಲ ಮುಚ್ಚಿದಾಗ ಅವುಗಳ ಕುಕ್ಕಿಗಳೂ ಅಳಿಯುತ್ತವೆ. 'ಪಾಸ್‌ವರ್ಡ್ ಉಳಿಸಲೇ?' ಎಂದು ಬ್ರೌಸರ್ ಕೇಳಿದರೆ ಬೇಡ ಎನ್ನಿ. ಏಳುವ ಮೊದಲು ಲಾಗ್ ಔಟ್ ಒತ್ತಿ. ಇಳಿಸಿಕೊಂಡ ಸ್ಟೇಟ್‌ಮೆಂಟ್ ಆ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ, ಅದನ್ನೂ ಅಳಿಸಿ ಬನ್ನಿ.

ಕ್ಯಾಷಿಯರ್ ಕೇಳುವ ಪ್ರಶ್ನೆ

ಟೋಕನ್ ಕದ್ದವನಿಗೆ ಅಂದು ಹಣ ಸಿಗಲಿಲ್ಲ ಏಕೆ? ಕ್ಯಾಷಿಯರ್ ಇನ್ನೊಂದು ಪ್ರಶ್ನೆ ಕೇಳಿದರು, ಅದಕ್ಕೆ. ಇಂದು ಆ ಪ್ರಶ್ನೆಯ ಹೆಸರು ಓಟಿಪಿ. ಹಣ ಕಳಿಸುವಾಗ ಬ್ಯಾಂಕು ನಿಮ್ಮ ಫೋನಿಗೆ ಒಂದು ಸಂಖ್ಯೆ ಕಳಿಸಿ 'ಇದು ನಿಜವಾಗಿ ನೀವೇನಾ?' ಎಂದು ಕೇಳುತ್ತದೆ. ಯಾರೋ ಫೋನ್ ಮಾಡಿ "ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ಒಂದು ನಂಬರು ಬಂದಿದೆಯಲ್ಲ, ಹೇಳಿ," ಎಂದರೆ ಅವರು ಕೇಳುತ್ತಿರುವುದು ಏನು? ಕ್ಯಾಷಿಯರ್ ಪ್ರಶ್ನೆಗೆ ಕಳ್ಳನ ಕಿವಿಯಲ್ಲಿ ಉತ್ತರ ಹೇಳಿಕೊಡಿ ಎಂದು. ಯುಪಿಐ ಪಿನ್ ಕೂಡ ಹೀಗೆಯೇ. ಅದು ಹಣ ಕೊಡುವುದಕ್ಕೆ ಬೇಕು, ಪಡೆಯುವುದಕ್ಕೆ ಬೇಡ. 'ನಿಮಗೆ ಹಣ ಬಂದಿದೆ, ಪಿನ್ ಒತ್ತಿ' ಎಂದರೆ ಅದು ಸುಳ್ಳು.

ವಾಟ್ಸಾಪಿನಲ್ಲಿ ಬರುವ 'ಎಪಿಕೆ' ಎಂಬ ಕಡತಗಳೂ ಇದೇ ಜಾತಿ. ಮದುವೆಯ ಕರೆಯೋಲೆ, ವಾಹನದ ದಂಡದ ನೋಟಿಸು ಎಂದೆಲ್ಲ ಹೆಸರು ಇಟ್ಟುಕೊಂಡು ಬರುತ್ತವೆ. ಒತ್ತಿ ಅನುಮತಿ ಕೊಟ್ಟರೆ ಫೋನಿಗೆ ಬರುವ ಓಟಿಪಿಯನ್ನು ತಾವೇ ಓದಿಕೊಂಡುಬಿಡುತ್ತವೆ. ಕಾಗದದ ಕರೆಯೋಲೆ ಎಂದಾದರೂ 'ಇನ್‌ಸ್ಟಾಲ್ ಮಾಡಿ' ಎಂದು ಕೇಳಿತ್ತೇ?

ಬೋರ್ಡು ಬದಲಾದ ಬ್ಯಾಂಕುಗಳು

ನಮ್ಮ ವಯಸ್ಸಿನವರಿಗೆ ಇನ್ನೊಂದು ಕಷ್ಟ ಇದೆ. ನಾವು ನಂಬಿದ ಬೋರ್ಡುಗಳೇ ಈಗಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಹೋಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಒಂದಾದವು. ಪಾಸ್‌ಬುಕ್ಕಿನ ಬಣ್ಣ ಬದಲಾಯಿತು, ಐಎಫ್‌ಎಸ್‌ಸಿ ಕೋಡ್ ಬದಲಾಯಿತು. ಬಾಯಿಗೆ ಬರುವುದು ಮಾತ್ರ ಹಳೆಯ ಹೆಸರೇ. ಆ ಹಳೆಯ ಹೆಸರು ಹೊಡೆದು ಗೂಗಲಿನಲ್ಲಿ 'ಕಸ್ಟಮರ್ ಕೇರ್ ನಂಬರು' ಹುಡುಕಿದರೆ ಮೊದಲು ಕಾಣುವುದು ಬ್ಯಾಂಕಿನದೇ ಆಗಿರಬೇಕೆಂದಿಲ್ಲ. ಮೋಸಗಾರರೂ ಅಲ್ಲಿ ತಮ್ಮ ನಂಬರು ಬರೆದು ಕಾದಿರುತ್ತಾರೆ. ಪಾಸ್‌ಬುಕ್ಕಿನಲ್ಲಿ ಅಥವಾ ಎಟಿಎಂ ಕಾರ್ಡಿನ ಹಿಂಭಾಗದಲ್ಲಿ ಇರುವ ನಂಬರಿಗೇ ಮಾಡಿ. ಇಲ್ಲವೆಂದರೆ ಕೊಡೆ ಹಿಡಿದು ಶಾಖೆಗೇ ಹೋಗಿ, ಮಾತಾಡಿಸುವವರು ಸಿಗುತ್ತಾರೆ.

ಇದಕ್ಕೊಂದು ಗುರುತು ಈಗ ಬಂದಿದೆ. 2025ರ ಅಕ್ಟೋಬರ್ 31ರ ಒಳಗೆ ಎಲ್ಲ ಬ್ಯಾಂಕುಗಳೂ ತಮ್ಮ ಜಾಲತಾಣದ ವಿಳಾಸವನ್ನು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವಂತೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕು ಹೇಳಿತು. ಈ ಬಾಲ ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ. ವಿಳಾಸದಲ್ಲಿ ಮೊದಲು ಬರುವ ಒಂಟಿ ಅಡ್ಡಗೆರೆಯ ಹಿಂದೆಯೇ, ಹೆಸರಿನ ಕೊನೆಗೆ ಅದು ಇದೆಯೇ ನೋಡಿ. ನಡುವೆ ಎಲ್ಲೋ ಬಂದು ಕೊನೆಗೆ ಬೇರೇನೋ ಇದ್ದರೆ ಅದು ಲೆಕ್ಕಕ್ಕಿಲ್ಲ. ಬೀಗದ ಚಿತ್ರ ಕಂಡಿತೆಂದು ನಂಬಬೇಡಿ. ನೀವು ಆಡುವ ಮಾತನ್ನು ದಾರಿಯಲ್ಲಿ ಮೂರನೆಯವರು ಕೇಳುವುದಿಲ್ಲ ಎಂದಷ್ಟೇ ಆ ಬೀಗದ ಅರ್ಥ. ಎದುರಿಗೆ ಕೂತವನು ಸಭ್ಯನೋ ಕಳ್ಳನೋ ಎಂದು ಅದು ಹೇಳುವುದಿಲ್ಲ.

ಅಂಗಡಿ ಬಾಗಿಲಿನ ಅಪರಿಚಿತ

ಈಗ ಮಕ್ಕಳಿಗೆ. ಜಾಲತಾಣ ತೆರೆದ ಕೂಡಲೇ 'ಕುಕ್ಕಿಗಳನ್ನು ಒಪ್ಪುತ್ತೀರಾ?' ಎಂದು ಒಂದು ಪಟ್ಟಿ ಬರುತ್ತದೆ. ನೀವು ಓದದೆಯೇ 'ಎಲ್ಲವೂ ಓಕೆ' ಒತ್ತಿಬಿಡುತ್ತೀರಿ, ಅಲ್ಲವೇ? ನನ್ನ ಮೊಮ್ಮಗಳೂ ಹಾಗೆಯೇ. ಲಾಗ್ ಔಟ್ ಪಾಠವನ್ನು ಅವಳು ನನಗೆ ಕಲಿಸಿದಳು. ಈ ಪಾಠ ನಾನು ಅವಳಿಗೆ ಹೇಳಿದ್ದು.

ಪೇಟೆಯ ಒಂದೊಂದು ಅಂಗಡಿಯವರೂ ತಮ್ಮ ಗಿರಾಕಿಯನ್ನು ನೆನಪಿಟ್ಟುಕೊಳ್ಳುವುದು ಸಹಜ. ಆದರೆ ಎಲ್ಲ ಅಂಗಡಿಗಳ ಬಾಗಿಲಲ್ಲಿಯೂ ಒಂದೇ ಕಂಪನಿಯ ಮನುಷ್ಯ ಪುಸ್ತಕ ಹಿಡಿದು ಕೂತಿದ್ದಾನೆ ಎಂದುಕೊಳ್ಳಿ. ಇಲ್ಲಿ ಕೊಡೆ ಕೊಂಡಿರಿ, ಬರೆದುಕೊಂಡ. ಅಲ್ಲಿ ಮಂಡಿನೋವಿನ ಎಣ್ಣೆಯ ಬೆಲೆ ಕೇಳಿದಿರಿ, ಬರೆದುಕೊಂಡ. ಮುಂದೆ ಮೆಡಿಕಲ್ಲಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ. ಸಂಜೆಗೆ ಎಲ್ಲ ಪುಸ್ತಕಗಳನ್ನೂ ಸೇರಿಸಿದರೆ ನಿಮ್ಮ ಬದುಕೇ ಅಲ್ಲಿ ಇರುತ್ತದೆ. ಬೇರೆ ಬೇರೆ ಜಾಲತಾಣಗಳಲ್ಲಿ ಜಾಹೀರಾತು ಕಂಪನಿಗಳು ಇಡುವ 'ಥರ್ಡ್ ಪಾರ್ಟಿ ಕುಕ್ಕಿ' ಮಾಡುವುದು ಇದನ್ನೇ. ನೀವು ಒಮ್ಮೆ ಶೂ ಹುಡುಕಿದರೆ ವಾರವಿಡೀ ಎಲ್ಲಿ ಹೋದರೂ ಶೂ ಹಿಂಬಾಲಿಸುವುದು ಹೀಗೆ. ಅಜ್ಜಿಯ ಫೋನಿನಲ್ಲಿ ನೀವು ಆಟ ಆಡಿದರೆ, ಅಜ್ಜಿಯ ಕುಕ್ಕಿ ಪುಸ್ತಕದಲ್ಲಿ ನಿಮ್ಮ ಆಟವೂ ಸೇರುತ್ತದೆ.

ಈ ಕುಕ್ಕಿ ನಿಮ್ಮ ಹಣ ಕದಿಯುವುದಿಲ್ಲ. ಆದರೆ ನಮ್ಮ ನೋವು, ನಮ್ಮ ಆಸೆ, ನಮ್ಮ ಹೊತ್ತು ಎಲ್ಲವೂ ಗೊತ್ತಿದ್ದವರು ತೋರಿಸುವ ಜಾಹೀರಾತಿಗೆ ನಾವು ಬೇಗ ಸೋಲುತ್ತೇವೆ. ಮಂಡಿ ನೋಯುತ್ತಿರುವವನ ಮುಂದೆಯೇ ಎಣ್ಣೆಯ ಬಾಟಲಿ ಇಟ್ಟರೆ ಅವನು ಕೈ ಚಾಚದೆ ಇರುತ್ತಾನೆಯೇ? ಆದ್ದರಿಂದ ಆ ಪಟ್ಟಿ ಬಂದಾಗ 'ಅಗತ್ಯವಿರುವವು ಮಾತ್ರ' ಅಥವಾ 'ನಿರಾಕರಿಸು' ಎಂಬ ಗುಂಡಿ ಹುಡುಕಿ. ಅದು ಸಣ್ಣ ಅಕ್ಷರದಲ್ಲಿ ಮೂಲೆಯಲ್ಲಿ ಇರಬಹುದು. ನಿಮ್ಮ ಕಣ್ಣು ಚುರುಕು, ಹುಡುಕಿ ಅಜ್ಜಿಗೆ ತೋರಿಸಿ.

ನಮ್ಮ ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತ ಹಂತವಾಗಿ ಜಾರಿಯಾಗುವಂತೆ ಇವೆ. ಈ ಕಾಯ್ದೆಯ ಲೆಕ್ಕದಲ್ಲಿ 18 ವರ್ಷದ ಒಳಗಿನವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ತಂದೆ-ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು. ಮಕ್ಕಳನ್ನು ಹಿಂಬಾಲಿಸಿ ಅವರಿಗೇ ಗುರಿಯಿಟ್ಟು ಜಾಹೀರಾತು ತೋರಿಸಬಾರದು ಎಂದೂ ಅದು ಹೇಳುತ್ತದೆ. ನಿಮ್ಮ ಹೆಸರು, ನಿಮ್ಮ ವಯಸ್ಸು ನಿಮ್ಮದೇ ಆಸ್ತಿ, ತಿಳಿದಿರಲಿ.

ಕಳೆದುಹೋದರೆ ಓಡಿಬನ್ನಿ

ಎಲ್ಲ ಎಚ್ಚರಿಕೆ ಮಾಡಿಯೂ ತಪ್ಪು ಆಗುತ್ತದೆ. ಆಗ ಮಾಡಬೇಕಾದ್ದು ಆ ಹುಡುಗ ಮಾಡಿದ ಕೆಲಸ. ಕೂಡಲೇ 1930ಕ್ಕೆ ಫೋನ್ ಮಾಡಿ, ಇದು ದೇಶಕ್ಕೆಲ್ಲ ಒಂದೇ ಆದ ಸೈಬರ್ ವಂಚನೆಯ ಸಹಾಯವಾಣಿ. ಬ್ಯಾಂಕಿಗೂ ತಿಳಿಸಿ, ದೂರಿನ ನಂಬರು ಬರೆದಿಟ್ಟುಕೊಳ್ಳಿ. ಕಳ್ಳ ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುವ ಮೊದಲೇ ತಡೆಯಬೇಕು, ಅದಕ್ಕೇ ಈ ಆತುರ. ನಮ್ಮ ಜಿಲ್ಲೆಯವರಿಗೆ ಮಡಿಕೇರಿಯಲ್ಲಿ ಸೆನ್ ಪೊಲೀಸ್ ಠಾಣೆಯೂ ಇದೆ.

2017ರ ಜುಲೈ 6ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ಹೇಳಿದ್ದನ್ನು ಪಿಂಚಣಿದಾರರು ನೆನಪಿಟ್ಟುಕೊಳ್ಳಬೇಕು. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಹೊರಗಿನವರು ಕನ್ನ ಹಾಕಿದ್ದಾರೆ ಎಂದಾದರೆ, ಹಣ ಹೋದ ಸಂದೇಶ ಬಂದು ಮೂರು ಕೆಲಸದ ದಿನಗಳ ಒಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ. ನಾಲ್ಕರಿಂದ ಏಳು ದಿನ ತಡಮಾಡಿದರೆ ಒಂದು ಮಿತಿಯವರೆಗೆ ನಷ್ಟ ನಮ್ಮದು. ನಾವೇ ಓಟಿಪಿ ಹೇಳಿದ್ದರೆ, ತಿಳಿಸುವ ತನಕ ಹೋದದ್ದೆಲ್ಲ ನಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ಹೊಣೆ. ನಾಚಿಕೆಯಿಂದ ಮುಚ್ಚಿಟ್ಟ ಒಂದೊಂದು ಗಂಟೆಗೂ ಬೆಲೆ ಇದೆ ಎಂದಾಯಿತು.

ಹಿರಿಯರೇ, ಮನೆಯಲ್ಲಿ ಹೇಳಿದರೆ 'ಈ ವಯಸ್ಸಿನಲ್ಲಿ ನಿಮಗೆ ಯಾಕೆ ಬೇಕಿತ್ತು' ಎನ್ನುತ್ತಾರೆಂದು ಸುಮ್ಮನಿರಬೇಡಿ. ಮಕ್ಕಳೇ, ನಿಮ್ಮ ಅಜ್ಜನೋ ಅಜ್ಜಿಯೋ ಹೀಗೆ ಬಂದು ಹೇಳಿದರೆ ನಗಬೇಡಿ. ಅವರೂ ನಾಳೆ ನೀವು ಬಂದು ಹೇಳಿದರೆ ಬೈಯುವುದಿಲ್ಲ. ನನ್ನ ಮೊಮ್ಮಗಳು ಅಂದು ನಕ್ಕಿದ್ದರೆ ಮುಂದಿನ ಸಲ ನಾನು ಅವಳ ಕೈಗೆ ಫೋನು ಕೊಡುತ್ತಿದ್ದೆನೋ ಇಲ್ಲವೋ.

ಈ ಭಾನುವಾರದ ಕೆಲಸ

ಅಜ್ಜ-ಅಜ್ಜಿ ಮತ್ತು ಮೊಮ್ಮಕ್ಕಳು ಜೊತೆಯಲ್ಲಿ ಕೂತು ಮಾಡಿ, ಅರ್ಧ ಗಂಟೆ ಸಾಕು.

1. ಮೇಲ್ ಖಾತೆಯ 'ಸೆಕ್ಯುರಿಟಿ' ಪುಟದಲ್ಲಿ 'ನಿಮ್ಮ ಸಾಧನಗಳು' ಪಟ್ಟಿ ನೋಡಿ. ಗುರುತಿಲ್ಲದ್ದು, ಈಗ ಬಳಸದೇ ಇರುವುದು ಇದ್ದರೆ ಸೈನ್ ಔಟ್ ಮಾಡಿ.

2. ಬ್ಯಾಂಕಿನ ವಿಳಾಸವನ್ನು ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಕೈಯಾರೆ ಬರೆದಿಡಿ. ಕೊನೆ ಸರಿಯಿದೆಯೇ ಎಂದು ಮೊಮ್ಮಕ್ಕಳು ತಾಳೆ ನೋಡಲಿ.

3. ಬ್ರೌಸರಿನ ಮೂರು ಚುಕ್ಕಿ ಒತ್ತಿ, ಹಿಸ್ಟರಿಗೆ ಹೋಗಿ, ಹಳೆಯ ಕುಕ್ಕಿಗಳನ್ನು ಅಳಿಸಿ. ಅಳಿಸಿದ ಮೇಲೆ ಎಲ್ಲ ಕಡೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ, ಪಾಸ್‌ವರ್ಡ್ ನೆನಪಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

4. ಪಾಸ್‌ವರ್ಡ್ ಬರೆದ ಚೀಟಿ ಮೊಬೈಲ್ ಕವರಿನಲ್ಲಿ ಇದ್ದರೆ ತೆಗೆದು ಬೀರುವಿನ ಒಳಗೆ ಇಡಿ.

5. 1930 ಎಂದು ದೊಡ್ಡದಾಗಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ.

ನಮ್ಮ ಮನೆಯಲ್ಲಿ ಈಗ ಒಂದು ಹೊಸ ಅಭ್ಯಾಸ. ನಾನು ಪೇಟೆಯಿಂದ ಬಂದು ಕೊಡೆ ಮಡಿಸುವ ಮೊದಲೇ ಒಳಗಿನಿಂದ ಕೂಗು ಕೇಳುತ್ತದೆ: "ತಾತ, ಟೋಕನ್ ವಾಪಸ್ ಕೊಟ್ಟಿರಾ?"

"ಕೊಟ್ಟೆ ಮಗಳೇ," ಎನ್ನುತ್ತೇನೆ. ಮರೆತಿದ್ದರೆ ಮರೆತೆ ಎಂದೂ ಹೇಳುತ್ತೇನೆ.

ಮುಂದಿನ ವಾರ ಸಿಗೋಣ.